ಹೊಳೆಗೆ ಹತ್ತಿರದ ಮನೆ

ನಮ್ಮ ಗುಂಡಣ್ಣ ಮಾವನಿಗೆ ಆಸ್ತಿಯೆಂದರೆ ಎರಡೇ. ಒಂದು, ತರಿಪಾಕ್ಕಂನ ಹೆಂಚಿನ ಮನೆ. ಇನ್ನೊಂದು, ಆ ಮನೆಗೆ ಸಲ್ಲುವ ಮೊದಲ ತಾಂಬೂಲ. ಎರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದ್ದರೆ ಹೋದ ವರ್ಷದವರೆಗೂ ಅವರು ಯೋಚನೆಯನ್ನೇ ಮಾಡದೆ ತಾಂಬೂಲ ಎನ್ನುತ್ತಿದ್ದರು. ಮನೆ ಎಲ್ಲರಿಗೂ ಇರುತ್ತದೆ ಎನ್ನುವುದು ಅವರ ವಾದ. ಚೆನ್ನೈಯಲ್ಲಿ ಬಾಡಿಗೆ ಕಟ್ಟಿ ಗೊತ್ತಿರುವವರು ಯಾರೂ ಇಂಥ ಮಾತು ಆಡುವುದಿಲ್ಲ. ಮಾವ ಹುಟ್ಟಿದಾಗಿನಿಂದ ಒಂದೇ ಸೂರಿನ ಕೆಳಗೆ ಇದ್ದವರು, ಅವರಿಗೆ ಆ ಕಷ್ಟ ತಿಳಿಯದು.

ನಾನು ಜಲಜಾ, ಅವರ ತಂಗಿಯ ಮಗಳು. ಇನ್ಶೂರೆನ್ಸ್ ಆಫೀಸಿನಲ್ಲಿ ದುಡಿದು ನಿವೃತ್ತಳಾದವಳು. ಹೀಗಾಗಿ ಯಾರ ಮನೆ ಕಂಡರೂ ಅದಕ್ಕೆ ಬೆಂಕಿ ಬೀಳಬಹುದೇ, ನೀರು ನುಗ್ಗಬಹುದೇ ಎಂದು ಮೊದಲು ನೋಡುವ ಕೆಟ್ಟ ಅಭ್ಯಾಸ ನನಗಿದೆ. ಮಾವನ ಮನೆಯನ್ನು ನಮ್ಮ ಆಫೀಸಿನ ಯಾವ ಮೂರ್ಖನೂ ಪಾಲಿಸಿಗೆ ಒಪ್ಪುತ್ತಿರಲಿಲ್ಲ. ಅದಿದ್ದದ್ದು ಅಡ್ಯಾರು ಹೊಳೆಯ ದಂಡೆಯ ಮೇಲೆ.

ಪಲ್ಲಾವರಂ ಸಂತೆ ದಾಟಿ ಹೊಳೆಯ ಕಡೆಗೆ ಇಳಿದರೆ ಸಿಗುವ ನಾಲ್ಕು ಬೀದಿಗಳೇ ತರಿಪಾಕ್ಕಂ. ಈಗ ಅದನ್ನು ಊರು ಎಂದರೆ ಆಟೋದವರು ನಗುತ್ತಾರೆ. ಸುತ್ತ ಅಪಾರ್ಟ್‌ಮೆಂಟು, ತಲೆಯ ಮೇಲೆ ವಿಮಾನ. ನಾನು ಚಿಕ್ಕವಳಿದ್ದಾಗ ಅದು ನೇಕಾರರ ಊರು. ಮನೆಯೊಳಗೆ ಕನ್ನಡ, ಬೀದಿಗೆ ಬಂದರೆ ತಮಿಳು, ಎರಡಕ್ಕೂ ಮೀರಿ ಗುಳಿಮಗ್ಗಗಳ ಸದ್ದು. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಪ್ರತಿ ಮನೆಯಲ್ಲೂ ಒಂದು ಗುಂಡಿ ಇತ್ತು, ಪ್ರತಿ ಗುಂಡಿಯಲ್ಲೂ ಒಬ್ಬ ಗಂಡಸು ಇದ್ದ.

ನಮ್ಮ ಹಿರಿಯರು ಮಗ್ಗ ಬಿಚ್ಚಿ ತಲೆಯ ಮೇಲೆ ಹೊತ್ತುಕೊಂಡು ಮೈಸೂರು ಸೀಮೆಯಿಂದ ನಡೆದೇ ಬಂದರಂತೆ. ದಾರಿಯಲ್ಲಿ ಸಿಕ್ಕ ಹೊಳೆ ಹೊಳೆಯಲ್ಲೂ ಕೆಂಪು ನೂಲಿನ ಒಂದು ಲಡಿ ಅದ್ದಿ ನೋಡುತ್ತಿದ್ದರಂತೆ. ಬಣ್ಣ ಬಿಟ್ಟರೆ ಮುಂದಕ್ಕೆ ನಡೆಯುವುದು. ಅಡ್ಯಾರಿನಲ್ಲಿ ಅದ್ದಿದಾಗ ಬಣ್ಣ ಬಿಡುವುದಿರಲಿ, ಇನ್ನಷ್ಟು ಕೆಂಪಾಯಿತಂತೆ. ಚೌಡಮ್ಮ ತಾಯಿಯೇ ಇಲ್ಲಿ ನಿಲ್ಲಿರೆಂದು ಅಪ್ಪಣೆ ಕೊಟ್ಟಳು ಎಂದು ಪೂಜಾರಿ ಹೇಳುತ್ತಾನೆ. ಎಲ್ಲರಿಗೂ ಕಾಲು ನೋವು ಬಂದಿತ್ತು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅಂತೂ ನಿಂತರು. ನೂಲು ತೊಳೆಯುವುದು, ಗಂಜಿ ಹಾಕುವುದು, ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳ ಹಾಸನ್ನು ದಂಡೆಯುದ್ದಕ್ಕೂ ಎಳೆದು ಒಣಗಿಸುವುದು, ಹೆಣ್ಣು ನೋಡುವುದು, ಜಗಳ, ರಾಜಿ ಎಲ್ಲವೂ ಹೊಳೆಯ ದಂಡೆಯಲ್ಲೇ ನಡೆಯುತ್ತಿತ್ತು.

ಆ ಹೊಳೆ ಉಣ್ಣಿಸಿದಷ್ಟೇ ಹೆದರಿಸುತ್ತಿತ್ತು ಕೂಡ. ತಮಿಳು ತಿಂಗಳು ಐಪ್ಪಸಿ, ಕಾರ್ತಿಗೈಗಳ ಮಳೆಗೆ ನೀರು ಏರಿದರೆ ಮೊದಲು ಗೊತ್ತಾಗುವುದು ದಂಡೆಗೆ ಹತ್ತಿರದ ಮನೆಯವರಿಗೆ. ಅವರು ಹಿತ್ತಾಳೆ ತಟ್ಟೆ ಬಡಿದು ಊರನ್ನು ಎಬ್ಬಿಸಬೇಕು. ಮಗ್ಗದ ಗುಂಡಿಗೆ ನೀರು ಬರುವ ಮೊದಲು ಹಾಸು ಸುತ್ತಿ ಅಟ್ಟಕ್ಕೆ ಏರಿಸಬೇಕಲ್ಲ. ಊರಿಗಾಗಿ ಎಲ್ಲರಿಗಿಂತ ಮೊದಲು ಮುಳುಗುವ ಮನೆಗೆ ಊರು ಮರ್ಯಾದೆ ಕೊಡಬೇಡವೇ? ಅದಕ್ಕೇ ನಮ್ಮಲ್ಲಿ ಯಾರ ಮದುವೆಯಾದರೂ ಮೊದಲ ತಾಂಬೂಲ ಹೊಳೆಗೆ ಹತ್ತಿರದ ಮನೆಗೆ. ಆ ಮನೆಯ ಹಿರಿಯ ತಾಂಬೂಲವನ್ನು ತೆಗೆದುಕೊಂಡು ಹೋಗಿ ತನ್ನ ಹೊಸಿಲ ಮೇಲೆ ಇಟ್ಟ ಮೇಲೆಯೇ ಮದುಮಗಳು ಬಿಂದಿಗೆ ಹಿಡಿದು ಗಂಗೆ ತರಲು ಹೊಳೆಗೆ ಇಳಿಯಬಹುದು. ಹೆಂಗಸರ ಸರದಿ ಕೊನೆಯದು. ನಮಗೆ ತಾಂಬೂಲ ಸಿಗುವ ಹೊತ್ತಿಗೆ ಎಲೆ ಬಾಡಿರುತ್ತಿತ್ತು.

ಹತ್ತಿರದ ಮನೆ ಯಾವುದು ಎನ್ನುವುದೇ ನಮ್ಮೂರಿನ ಇತಿಹಾಸ. ಹೊಳೆಬೀದಿಯ ತುದಿಯಲ್ಲಿ ಸ್ವಲ್ಪ ಓರೆಯಾಗಿ ಎದುರುಬದುರು ಎರಡು ಮನೆ. ಗುಂಡಣ್ಣ ಮಾವನ ಮನೆ ಹೊಳೆಗೆ ಮುಖ ಮಾಡಿ ನಿಂತಿದೆ, ಬಾಗಿಲಿನಿಂದ ನೀರಿಗೆ ನೇರ ದಾರಿ. ತಮ್ಮಯ್ಯನವರ ಮನೆ ಹೊಳೆಗೆ ಬೆನ್ನು ಮಾಡಿತ್ತು. ಅಳತೆಯನ್ನು ಹೊಸಿಲಿನಿಂದ ತೆಗೆಯಬೇಕು ಎಂದು ಮಾವನ ಮನೆಯವರು, ಗೋಡೆಯಿಂದ ತೆಗೆಯಬೇಕು ಎಂದು ಅವರು. ಮಾವನ ಅಪ್ಪನ ಕಾಲದಲ್ಲಿ ಪಂಚಾಯ್ತಿ ಸೇರಿ, ಎರಡು ಮನೆಗೂ ಒಂದೇ ಉದ್ದದ ಹಾಸು ಕೊಟ್ಟು ಹೊಸಿಲಿನಿಂದ ನೀರಿನವರೆಗೆ ಎಳೆಸಿದರಂತೆ. ಮಾವನ ಮನೆಯ ಹಾಸು ನೀರು ಮುಟ್ಟಿಯೂ ಮಿಕ್ಕಿತು. ತಮ್ಮಯ್ಯನವರ ಮನೆಯದು ಮನೆಯನ್ನೇ ಬಳಸಿಕೊಂಡು ಹೋಗಬೇಕಲ್ಲ, ಮರಳಿನಲ್ಲೇ ಮುಗಿಯಿತು. ತಾಂಬೂಲ ಮಾವನ ಅಪ್ಪನಿಗೆ ಬಂತು, ಆಮೇಲೆ ಮಾವನಿಗೆ.

ತಮ್ಮಯ್ಯ ಇದನ್ನು ಒಪ್ಪಲೇ ಇಲ್ಲ. ಅವರು ಮಾವನಿಗಿಂತ ವಯಸ್ಸಿನಲ್ಲಿ ಸ್ವಲ್ಪ ಚಿಕ್ಕವರು, ಸಂಬಂಧದಲ್ಲಿ ಭಾವಮೈದುನ. ಪ್ರತಿ ಮದುವೆಯಲ್ಲೂ ಎರಡನೆಯ ತಾಂಬೂಲ ತೆಗೆದುಕೊಳ್ಳುವಾಗ ಒಂದೇ ಮಾತು ಹೇಳುತ್ತಿದ್ದರು: "ಹೊಳೆ ಮನೇಗ್ ನುಗ್ಗೋವಾಗ ಬಾಗ್ಲು ಎಲ್ಲೈತೆ ಅಂತ ಹುಡುಕ್ಕೊಂಡ್ ಬತ್ತದಾ, ಭಾವ?"

"ಮರ್ಯಾದಸ್ತ ಹೊಳೆ ಕಣಪ್ಪ ನಮ್ದು. ಬಾಗ್ಲಿಂದ್ಲೇ ಬರ್ತದೆ," ಎಂದು ಮಾವ ಮೀಸೆ ತೀಡುತ್ತಿದ್ದರು.

ಮಾತಿನಿಂದ ಕೆಲಸ ಆಗದೆಂದು ತಿಳಿದ ತಮ್ಮಯ್ಯ ಗಾರೆ ಕೆಲಸ ಶುರುಮಾಡಿದರು. ಮೊದಲು ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲು. ಆಮೇಲೆ ಕಲ್ಲಿನ ಸುತ್ತ ಬಚ್ಚಲು. ಮಗನ ಮದುವೆಯ ನೆಪದಲ್ಲಿ ಬಚ್ಚಲಿನ ಆಚೆ ಒಂದು ಕೋಣೆ. ಪ್ರತಿ ಸಲವೂ ಮನೆ ಹೊಳೆಯ ಕಡೆಗೆ ಒಂದಿಷ್ಟು ಸರಿಯುತ್ತಿತ್ತು, ಮಾವನ ರಕ್ತದೊತ್ತಡ ಒಂದಿಷ್ಟು ಏರುತ್ತಿತ್ತು. ಆ ಕೋಣೆಗೆ ಕಿಟಕಿ ಇಟ್ಟಿದ್ದು ಗಾಳಿಗಲ್ಲ, ಅಲ್ಲಿಂದ ಮಾವನ ಜಗುಲಿ ಕಾಣಲಿ ಎಂದು. ನೀರಿಗೆ ಯಾರು ಹತ್ತಿರ ಎಂದು ಕೂತಲ್ಲಿಂದಲೇ ತೋರಿಸಬಹುದಲ್ಲ.

ಇಷ್ಟೆಲ್ಲ ನಡೆಯುವಾಗ ಹೊಳೆ ಮಾತ್ರ ನಮ್ಮನ್ನು ಬಿಟ್ಟು ಎಲ್ಲಿಗೋ ಹೋಗಿತ್ತು. ಒಂದು ಕಾಲದಲ್ಲಿ ನಾವು ಬಣ್ಣ ಹಾಕಿದ ನೂಲನ್ನು ಅದು ತೊಳೆಯುತ್ತಿತ್ತು. ಬರಬರುತ್ತ ಬಿಳಿ ನೂಲು ಅದ್ದಿದರೂ ತಾನೇ ಬಣ್ಣ ಹಾಕಿ ಕೊಡಲು ಶುರುಮಾಡಿತು. ಮಗ್ಗಗಳು ಒಂದೊಂದಾಗಿ ನಿಂತವು. ಗುಂಡಿಯಿಂದ ಎದ್ದ ಗಂಡಸರು ರೈಲ್ವೆಗೆ, ಬ್ಯಾಂಕಿಗೆ, ಸೆಕ್ಯೂರಿಟಿ ಕೆಲಸಕ್ಕೆ ಹೋದರು. ಮಾವ ರೈಲ್ವೆ ಗೇಟಿನಲ್ಲಿ ಗೇಟ್‌ಮನ್ ಆದರು. ಮೊದಲೆಲ್ಲ ಡ್ಯೂಟಿ ಮುಗಿಸಿ ಹೊಳೆಯಲ್ಲಿ ಕಾಲು ತೊಳೆದು ಮನೆಯೊಳಗೆ ಬರುತ್ತಿದ್ದರು. ಆಮೇಲಾಮೇಲೆ ಹೊಳೆಯ ಹತ್ತಿರ ಹೋಗಿ ಬಂದರೆ ಮನೆಯ ನಲ್ಲಿಯಲ್ಲಿ ಕಾಲು ತೊಳೆಯಬೇಕಾಯಿತು. ಸಾಯಂಕಾಲ ಹೋಗುವುದನ್ನು ಮಾತ್ರ ಬಿಡಲಿಲ್ಲ. ಮದುವೆಗಳಲ್ಲಿ ಗಂಗೆ ತರುವ ಶಾಸ್ತ್ರವೂ ನಿಲ್ಲಲಿಲ್ಲ. ಬಿಂದಿಗೆಯನ್ನು ಹೊಳೆಗೆ ತೋರಿಸುವುದು, ಕ್ಯಾನ್ ನೀರು ತುಂಬಿಸುವುದು, ಮೂಗು ಮುಚ್ಚಿಕೊಂಡು ಶೋಭಾನೆ ಹಾಡುತ್ತ ವಾಪಸು ಬರುವುದು.

ಎರಡು ಸಾವಿರದ ಹದಿನೈದರ ಡಿಸೆಂಬರಿನಲ್ಲಿ ಹೊಳೆಗೆ ಮತ್ತೆ ನಮ್ಮ ನೆನಪಾಯಿತು. ಬೆಳಕು ಹರಿಯುವ ಹೊತ್ತಿಗೆ ತಮ್ಮಯ್ಯನವರ ಹಿಂದಿನ ಕೋಣೆಗೆ ನೀರು ಬಂತು. ಅವರು ಸೊಂಟಮಟ್ಟದ ನೀರಿನಲ್ಲಿ ತಟ್ಟೆ ಬಡಿಯುತ್ತ ನಾಲ್ಕೂ ಬೀದಿ ತಿರುಗಿದರು. ಮೊದಲು ಬಡಿದದ್ದು ಮಾವನ ಬಾಗಿಲನ್ನೇ. ಎಲ್ಲರೂ ಶಾಲೆಯ ಮಹಡಿ ಹತ್ತಿ ಜೀವ ಉಳಿಸಿಕೊಂಡರು. ಊರಿನಲ್ಲಿ ಉಳಿದಿದ್ದ ಕೊನೆಯ ಮಗ್ಗಗಳ ಗುಂಡಿಗಳು ಅವತ್ತು ಕೆಸರು ತುಂಬಿ ಮುಚ್ಚಿಹೋದವು. ಅಲ್ಲಿಗೆ ನೇಕಾರಿಕೆ ಮುಗಿಯಿತು. ಹೊಳೆಯೇ ತಂದು ನಿಲ್ಲಿಸಿದ ಕಸುಬನ್ನು ಹೊಳೆಯೇ ಮುಚ್ಚಿತು ಎಂದು ಹೆಂಗಸರು ಅತ್ತರು, ನಾನೂ ಅತ್ತೆ. ಶಾಲೆಯ ಮಹಡಿಯ ಮೇಲೆ ಒದ್ದೆ ಪಂಚೆಯಲ್ಲಿ ನಡುಗುತ್ತ ಕೂತಿದ್ದ ಈ ಇಬ್ಬರು ಏನು ಮಾಡುತ್ತಿದ್ದರು?

"ಮೊದ್ಲು ನೀರ್ ಬಂದಿದ್ದು ನಮ್ಮನೇಗೆ. ಈಗೇನಂತೀರಾ ಭಾವ?"

"ಅದು ಹೊಳೆ ನೀರಲ್ಲಪ್ಪ. ಹಿಂದ್ಗಡೆ ಡ್ರೈನೇಜು."

ಮಾವನ ಮಾತಿಗೆ ಅವತ್ತು ಸೊಸೆ ಶ್ರೀವಿದ್ಯಾ ಹಣೆ ಚಚ್ಚಿಕೊಂಡಳು. ಮೊದಲ ತಾಂಬೂಲ ಆ ವರ್ಷವೂ ಮಾವನಲ್ಲೇ ಉಳಿಯಿತು.

ಹೋದ ವರ್ಷ ಮಾಸಿ ತಿಂಗಳಲ್ಲಿ ಒಬ್ಬ ಸರ್ವೇಯರ್ ಇಬ್ಬರು ಸಹಾಯಕರ ಜೊತೆ ಟೇಪು, ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದ. ನಾನು ಅವತ್ತು ಮಾವನ ಮನೆಯಲ್ಲೇ ಇದ್ದೆ. ಹೊಳೆಯನ್ನು ಚೊಕ್ಕ ಮಾಡುತ್ತಾರಂತೆ, ದಂಡೆಯಲ್ಲಿ ವಾಕಿಂಗಿಗೆ ದಾರಿ ಹಾಕುತ್ತಾರಂತೆ ಎಂಬ ಸುದ್ದಿಯಷ್ಟೇ ನಮಗೆ ಗೊತ್ತಿತ್ತು. ಆ ಸರ್ವೇಯರ್ ನೀರಿನ ಅಂಚಿನಿಂದ ಟೇಪು ಎಳೆದು, ತಮ್ಮಯ್ಯನವರ ಹಿಂದಿನ ಕೋಣೆಯ ಗೋಡೆಗೆ ಮುಟ್ಟಿಸಿ, ತನ್ನ ಸಹಾಯಕನಿಗೆ, "ಆತ್ತುಕ್ಕು ಇದುದಾನ್ ರೊಂಬ ಕಿಟ್ಟೆ," ಎಂದ. ಹೊಳೆಗೆ ಇದೇ ಅತಿ ಹತ್ತಿರ.

ತಮ್ಮಯ್ಯನವರ ಮುಖವನ್ನು ನೀವು ನೋಡಬೇಕಿತ್ತು. ಮೂರು ತಲೆಮಾರಿನ ವ್ಯಾಜ್ಯವನ್ನು ಸರ್ಕಾರವೇ ಬಂದು ತೀರಿಸಿತ್ತು. "ಇನ್ನೊರು ವಾಟಿ ಸೊಲ್ಲುಂಗ ಸಾರ್," ಎಂದು ಅವನನ್ನು ತಡೆದು ನಿಲ್ಲಿಸಿ, ಬೀದಿಯವರನ್ನೆಲ್ಲ ಕೂಗಿ ಕರೆದರು. "ಬನ್ನಿ, ಎಲ್ಲಾ ಬನ್ನಿ! ಗೌರ್ಮೆಂಟು ಏನ್ ಹೇಳ್ತೈತೆ ಕೇಳ್ರಿ!" ಸರ್ವೇಯರ್ ಪಾಪ, ಏನೂ ಅರ್ಥವಾಗದೆ ಇನ್ನೊಮ್ಮೆ ಹೇಳಿದ. ಅವನು ಗೋಡೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆದ ಕೂಡಲೇ ತಮ್ಮಯ್ಯ ಒಳಗಿನಿಂದ ಅರಿಶಿನ ಕುಂಕುಮ ತಂದು ಅದರ ಪಕ್ಕದಲ್ಲಿ ಹಚ್ಚಿದರು. ಅವನಿಗೂ ಅವನ ಸಹಾಯಕರಿಗೂ ಫಿಲ್ಟರ್ ಕಾಫಿ ಬಂತು.

ಮಾವ ಜಗುಲಿಯಿಂದ ಎದ್ದು ಬಂದರು. ಅವರು ಸಿಟ್ಟಿನಲ್ಲಿ ತಮಿಳನ್ನೇ ಆಡುವುದು, ಗೇಟಿನ ಅಭ್ಯಾಸ. ಅಳತೆ ತಪ್ಪು, ಹೊಸಿಲಿನಿಂದ ಅಳೆಯಬೇಕು, ಗೋಡೆಯಿಂದ ಅಳೆಯುವುದು ಎಲ್ಲಿಯ ನ್ಯಾಯ ಎಂದು ಅವನ ಟೇಪು ಹಿಡಿದುಕೊಂಡು ನಿಂತರು. ಹೊಸಿಲಿನಿಂದ ನೋಡಿದರೆ ನಮ್ಮ ಮನೆಯೇ ಹತ್ತಿರ, ಬೇಕಾದರೆ ಊರಿನಲ್ಲಿ ಯಾರನ್ನಾದರೂ ಕೇಳು ಎಂದರು.

ಸರ್ವೇಯರ್ ಕಾಫಿ ಲೋಟ ಕೆಳಗಿಟ್ಟು ಅವರನ್ನು ಮೇಲಿಂದ ಕೆಳಗೆ ನೋಡಿದ. "ಪೆರಿಯವರೇ, ಹಾಗಾದರೆ ನಿಮ್ಮ ಗೋಡೆಗೂ ನಂಬರು ಹಾಕಲೇ?"

"ಹಾಕು! ಈಗಲೇ ಹಾಕು!"

ಡಬ್ಬಿಯೊಳಗೆ ಬ್ರಷ್ ಅದ್ದಿಯೂ ಆಗಿತ್ತು. ಅಷ್ಟರಲ್ಲಿ ಮಾವನ ಮೊಮ್ಮಗಳು ಪಾವನಾ ಒಳಗಿನಿಂದ ಓಡಿ ಬಂದಳು. ಅವಳು ಪೆರುಂಗುಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು, ಅವತ್ತು ಮನೆಯಿಂದಲೇ ಕೆಲಸ. ಹೊಳೆ ಚೊಕ್ಕ ಮಾಡುವ ಸುದ್ದಿಯನ್ನು ಫೋನಿನಲ್ಲಿ ಪೂರ್ತಿ ಓದಿದ್ದವಳು ಅವಳೊಬ್ಬಳೇ. "ತಾತಾ, ವಾಯ ಮೂಡುಂಗ! ಬಾಯಿ ಮುಚ್ಚಿ, ಪ್ಲೀಸ್!" ಎಂದು ಮಾವನ ರಟ್ಟೆ ಹಿಡಿದು ಎಳೆದಳು. ನಾನು ಇನ್ನೊಂದು ರಟ್ಟೆ ಹಿಡಿದೆ. ಸರ್ವೇಯರ್ ನಕ್ಕು, ನಕ್ಷೆಯಲ್ಲಿ ಹೊಳೆಯ ಗೆರೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಮಾತ್ರ ನಂಬರು, ನಿಮ್ಮದು ಗೆರೆಯ ಆಚೆಗಿದೆ, ಹೋಗಿ ಮಲಗಿ ಎಂದ.

ನಡುಮನೆಯಲ್ಲಿ ಕೂರಿಸಿ ಪಾವನಾ ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿದಳು. "ತಾತಾ, ನಂಬರ್ ಹಾಕಿದ್ ಮನೆ ಎಲ್ಲಾ ಡಿಮಾಲಿಶ್ ಮಾಡ್ತಾರೆ. ಇಡಿಪ್ಪಾಂಗ. ಒಡೀತಾರೆ."

ಹೊರಗೆ ಬೀದಿಯಲ್ಲಿ ತಮ್ಮಯ್ಯ ಎಲ್ಲರಿಗೂ ಮೈಸೂರು ಪಾಕು ಹಂಚುತ್ತಿದ್ದರು. ನಮ್ಮ ಮನೆಗೂ ಒಂದು ತಟ್ಟೆ ಬಂತು. ಮಾವ ಅದನ್ನು ಮುಟ್ಟಲಿಲ್ಲ, ವಾಪಸೂ ಕಳಿಸಲಿಲ್ಲ.

"ಅವನಿಗೆ ಯಾರಾದ್ರೂ ಹೇಳ್ರೇ," ಎಂದರು ಕೊನೆಗೆ.

ಯಾರೂ ಹೋಗಲಿಲ್ಲ. ಆ ಸಂತೋಷದ ಮುಂದೆ ನಿಂತು ಅಂಥ ಮಾತು ಹೇಳುವ ಧೈರ್ಯ ನನಗೂ ಬರಲಿಲ್ಲ. ಮಾರನೆಯ ದಿನ ಮಾವನೇ ಹೋದರು. ಏನು ಮಾತಾಡಿದರೋ ತಿಳಿಯದು. ಆದರೆ ತಮ್ಮಯ್ಯ ನಂಬಲಿಲ್ಲವಂತೆ. ತಾಂಬೂಲ ಕೈ ತಪ್ಪುತ್ತದೆಂದು ಹೊಟ್ಟೆಕಿಚ್ಚಿಗೆ ಹೆದರಿಸಲು ಬಂದಿದ್ದೀರಿ ಎಂದರಂತೆ. ನೋಟಿಸು ಬಂದಾಗಲೇ ಅವರು ನಂಬಿದ್ದು.

ಆಮೇಲೆ ಊರಿನವರೆಲ್ಲ ಸೇರಿ ಅಲ್ಲಿ ಇಲ್ಲಿ ಓಡಾಡಿದರು. ಆಗ ನಡೆದ ತಮಾಷೆ ಕೇಳಿ. ನೀವು ಹೊಳೆಯ ಜಾಗ ಹಿಡಿದು ಕೂತಿದ್ದೀರಿ ಎಂದು ಸರ್ಕಾರಿ ಆಫೀಸಿನವರು ಹೇಳಿದಾಗ, ಹೊಳೆಯೇ ನಮ್ಮನ್ನು ಇಲ್ಲಿ ಹಿಡಿದು ಕೂರಿಸಿತು ಎಂದು ಮುನ್ನೂರು ವರ್ಷ ಹಾಡಿಕೊಂಡು ಬಂದವರು, ಹೊಳೆಗೂ ನಮಗೂ ಸಂಬಂಧವೇ ಇಲ್ಲ ಎಂದು ಆಣೆ ಹಾಕಲು ತಯಾರಾದರು. ಹೊಳೆಬೀದಿ ಎನ್ನುವ ಹೆಸರಿನ ಬೋರ್ಡನ್ನು ಯಾರೋ ರಾತ್ರೋರಾತ್ರಿ ಕಿತ್ತು ಹಾಕಿದರು. ದಂಡೆಯ ಮೇಲಿನ ಚೌಡಮ್ಮನನ್ನು ಕೂಡ ಒಳಗಿನ ಬೀದಿಗೆ ಎಬ್ಬಿಸಿಕೊಂಡು ಹೋಗೋಣವೇ ಎಂಬ ಮಾತು ಬಂತು. ತಾಯಿ ಅಲ್ಲಾಡಲಿಲ್ಲ, ಭಾರ ಜಾಸ್ತಿ. ತಮ್ಮಯ್ಯ ಮಾತ್ರ ಆಫೀಸಿನಲ್ಲಿ ಸುಳ್ಳು ಹೇಳಲಿಲ್ಲ. ನಮ್ಮದು ಹತ್ತಿರದ ಮನೆ ಹೌದು, ಅದಕ್ಕೇ ಊರನ್ನು ಎಬ್ಬಿಸುವುದು ನಮ್ಮ ಕೆಲಸ ಎಂದರಂತೆ. ಆಫೀಸಿನಲ್ಲಿ ಅದನ್ನು ತಪ್ಪೊಪ್ಪಿಗೆ ಎಂದು ತೆಗೆದುಕೊಂಡರು.

ಜೆಸಿಬಿ ಬಂದ ಬೆಳಿಗ್ಗೆ ತಮ್ಮಯ್ಯ ಸಾಮಾನೆಲ್ಲ ಟೆಂಪೋಗೆ ಹೇರಿಸಿ, ಬಾಗಿಲು ಎಳೆದು, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದರು. ಆಮೇಲೆ ತಾವೇನು ಮಾಡುತ್ತಿದ್ದೇವೆಂದು ಹೊಳೆದು ಬೀಗದಕೈಯನ್ನು ನೋಡುತ್ತ ನಿಂತುಬಿಟ್ಟರು. ಮಾವ ಹೋಗಿ ಅವರ ಪಕ್ಕದಲ್ಲಿ ನಿಂತರು. ಕಿಟಕಿಯ ಕೋಣೆ ಮೊದಲು ಬಿತ್ತು. ಹೊಸಿಲು ಕೊನೆಗೆ. ಇಬ್ಬರೂ ಒಂದು ಮಾತೂ ಆಡಲಿಲ್ಲ, ಇಬ್ಬರ ಜೀವಮಾನದಲ್ಲೇ ಅದು ಮೊದಲು.

ತಮ್ಮಯ್ಯನವರಿಗೆ ಪೆರುಂಗುಡಿಯಿಂದಲೂ ಆಚೆ ಒಂದು ವಸತಿ ಸಮುಚ್ಚಯದ ಎಂಟನೆಯ ಮಹಡಿಯಲ್ಲಿ ಮನೆ ಸಿಕ್ಕಿತು. ನೀರು ಬೇಕಾದರೆ ಕೆಳಗೆ ಇಳಿದು ಲಾರಿಯ ಮುಂದೆ ಕೊಡ ಇಡಬೇಕು.

ಈ ವರ್ಷ ತೈ ತಿಂಗಳಲ್ಲಿ ಪಾವನಾಳ ಮದುವೆ. ಹುಡುಗ ಅಜಿತ್ ಮೈಸೂರು ಕಡೆಯವನು, ಅವಳ ಆಫೀಸಿನವನೇ. ಬೀಗರಿಗೆ ನಮ್ಮ ಗಂಗೆ ತರುವ ಶಾಸ್ತ್ರ ಬಹಳ ಹಿಡಿಸಿತು. ಅವರೂರಿನಲ್ಲಿ ಅದನ್ನು ಈಗ ಛತ್ರದ ನಲ್ಲಿಯಲ್ಲೇ ಮುಗಿಸುತ್ತಾರಂತೆ. ನಿಜವಾದ ಹೊಳೆಯಲ್ಲಿ ನೋಡುವ ಭಾಗ್ಯ ನಿಮ್ಮಿಂದ ಬಂತು ಎಂದು ಫೋಟೋದವನನ್ನು ಕರೆದುಕೊಂಡು ಮುಂಚೆಯೇ ಬಂದು ದಂಡೆಯಲ್ಲಿ ನಿಂತರು. ಗಾಳಿ ತಿರುಗಿದ ಮೇಲೆ ಸ್ವಲ್ಪ ದೂರ ಹೋಗಿ ನಿಂತರು.

ಮಾವನ ಹೊಸಿಲ ಮುಂದೆ ತಾಂಬೂಲದ ತಟ್ಟೆ ಹಿಡಿದು ಊರಿನ ಹಿರಿಯರು ಸಿದ್ಧರಾದರು. ಈಗ ಎದುರು ಮನೆ ಇದ್ದಲ್ಲಿ ತಂತಿ ಬೇಲಿ, ಅದರಾಚೆ ಬಯಲು, ಅದರಾಚೆ ಹೊಳೆ. ಗೋಡೆಯಿಂದ ಅಳೆದರೂ ಹೊಸಿಲಿನಿಂದ ಅಳೆದರೂ ಮಾವನದೇ ಹತ್ತಿರ. ವಾದ ಮಾಡಲು ಒಬ್ಬರೂ ಉಳಿದಿರಲಿಲ್ಲ.

"ತಗೋ ಗುಂಡಣ್ಣ. ಇನ್ನೇನು, ನಿಂದೇ ತಾನೆ," ಎಂದರು ಹಿರಿಯರು.

ಮಾವ ಕೈ ಚಾಚಲಿಲ್ಲ. "ಸರ್ಕಾರ ಅಳ್ದು ಹೇಳೈತೆ, ತಮ್ಮಯ್ಯಂದು ಹತ್ತಿರ ಅಂತ. ಅವ್ನು ಬರ್ಲಿ."

"ಅವ್ರ ಮನೆನೇ ಇಲ್ವಲ್ಲಪ್ಪ!"

"ಅವ್ನಿದ್ದಾನಲ್ಲ. ಬರ್ತಾನೆ. ಬಸ್ಸಲ್ಲಿದ್ದಾನಂತೆ."

ಪುರೋಹಿತರು ಗಡಿಯಾರ ನೋಡಿದರು. ಶ್ರೀವಿದ್ಯಾ ನನ್ನನ್ನು ನೋಡಿದಳು. ಮದುಮಗಳು ಖಾಲಿ ಬಿಂದಿಗೆಯನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. ಮುಹೂರ್ತ ಮೀರುತ್ತದೆಂದು ಎಲ್ಲರೂ ಗೊಣಗಿದರೂ ಮಾವ ಜಗುಲಿಯ ಮೇಲೆ ಕೂತೇ ಇದ್ದರು. ರೈಲು ದಾಟುವವರೆಗೂ ಗೇಟು ತೆಗೆಯದ ಮನುಷ್ಯ, ನಮ್ಮ ಮಾತಿಗೆ ಬಗ್ಗುತ್ತಾರೆಯೇ?

ಎರಡು ಬಸ್ಸು ಬದಲಿಸಿ, ಬೆವರು ಒರೆಸಿಕೊಳ್ಳುತ್ತ ತಮ್ಮಯ್ಯ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಜರಿ ಶಲ್ಯ. ಮಾವ ಎದ್ದು ಹಿರಿಯರ ಕೈಯಿಂದ ತಟ್ಟೆ ತೆಗೆದುಕೊಂಡು ತಾವೇ ಅವರಿಗೆ ಚಾಚಿದರು.

"ಮೊದಲ ತಾಂಬೂಲ. ನಿಂದು."

ತಮ್ಮಯ್ಯ ಎರಡೂ ಕೈಯಲ್ಲಿ ತೆಗೆದುಕೊಂಡರು. ಬದುಕಿಡೀ ಇದಕ್ಕಾಗಿ ಕಲ್ಲು ಹಾಕಿ, ಬಚ್ಚಲು ಕಟ್ಟಿ, ಕೋಣೆ ಎಬ್ಬಿಸಿದ ಮನುಷ್ಯ, ಹಳೆಯ ಅಭ್ಯಾಸದಿಂದ ಬಲಕ್ಕೆ ತಿರುಗಿ ತಂತಿ ಬೇಲಿಯವರೆಗೂ ನಡೆದರು. ಬೇಲಿಯ ಮುಂದೆ ನಿಂತರು. ತಾಂಬೂಲವನ್ನು ಹೊಸಿಲ ಮೇಲೆ ಇಡಬೇಕು, ಇಟ್ಟ ಮೇಲೆಯೇ ಮದುಮಗಳು ನೀರಿಗೆ ಇಳಿಯಬೇಕು. ಹೊಸಿಲು ಎಲ್ಲಿದೆ? ಈ ಒಂದು ಪ್ರಶ್ನೆಯನ್ನು ಮಾವನೂ ಯೋಚಿಸಿರಲಿಲ್ಲ, ನಾವು ಯಾರೂ ಯೋಚಿಸಿರಲಿಲ್ಲ. ಶೋಭಾನೆಯ ಹಾಡು ಅರ್ಧಕ್ಕೇ ನಿಂತಿತು.

ತಮ್ಮಯ್ಯ ಅಲ್ಲಿಂದ ತಿರುಗಿ ಬಂದರು. ಮಾವನ ಮನೆಯ ಹೊಸಿಲ ಮುಂದೆ ಕಷ್ಟಪಟ್ಟು ಕುಕ್ಕರುಗಾಲಿನಲ್ಲಿ ಕೂತು, ತಾಂಬೂಲವನ್ನು ಅದರ ನಟ್ಟನಡುವೆ ಇಟ್ಟರು. ಏಳುವಾಗ ಮಾವ ಕೈ ಕೊಟ್ಟರು. ಆ ಕೈಯನ್ನು ಹಿಡಿದುಕೊಂಡೇ ಅವರು ಬಾಗಿಲಿನಿಂದ ಬೇಲಿಯವರೆಗೆ, ಬೇಲಿಯಿಂದ ಹೊಳೆಯವರೆಗೆ ಒಮ್ಮೆ ಕಣ್ಣಳತೆ ಹಾಕಿದರು.

"ಈಗ ನೀವೇ ಹತ್ರ, ಭಾವ," ಎಂದರು. "ಜೋಪಾನ."

ಈ ಮಾತನ್ನು ತಮ್ಮಯ್ಯನ ಬಾಯಿಂದ ಒಂದು ಸಲ ಕೇಳಬೇಕೆಂದು ಬದುಕಿಡೀ ಕಾದಿದ್ದ ಮಾವ, ಕೇಳಿಸದವರ ಹಾಗೆ ತಿರುಗಿ, ಇನ್ನು ಹೊರಡು ಎಂದು ಪಾವನಾಳಿಗೆ ಕೈಸನ್ನೆ ಮಾಡಿದರು.